ದೊರೆಗೆ ‘ಆಗದು’ ಎಂದ ಖಾಝಿ

ಸರಕಾರಿ ಅಧಿಕಾರಿಯೇ ಅನ್ಯಾಯ ಮಾಡಿದರೆ ಬಡವ ಯಾರ ಹತ್ತಿರ ಹೋಗಿ ದೂರು ಹೇಳೋದು? ಸಾವಿರ ವರ್ಷದ ಹಿಂದೆ ಈ ಪ್ರಶ್ನೆಯನ್ನು ಹಿಡಿದು ಕೂತು, ಉತ್ತರವನ್ನು ಕಾನೂನಿನ ರೂಪದಲ್ಲಿ ಬರೆದಿಟ್ಟವರು ಬಗ್ದಾದಿನ ಖಾಝಿ ಇಮಾಂ ಮಾವರ್ದಿ. ನಮ್ಮ ಬ್ಯಾರಿಗಳು ಅನುಸರಿಸುವ ಶಾಫಿಈ ಕರ್ಮಶಾಸ್ತ್ರದ ದೊಡ್ಡ ವಿದ್ವಾಂಸರಲ್ಲಿ ಅವರೂ ಒಬ್ಬರು.

ಪೂರ್ತಿ ಹೆಸರು ಅಬುಲ್ ಹಸನ್ ಅಲೀ ಬಿನ್ ಮುಹಮ್ಮದ್. ಹುಟ್ಟಿದ್ದು ಕ್ರಿ.ಶ. 974ರಲ್ಲಿ, ಇರಾಕಿನ ಬಸ್ರಾ ಪಟ್ಟಣದಲ್ಲಿ. ಅರಬಿಯಲ್ಲಿ ‘ಮಾವರ್ದ್’ ಅಂದರೆ ಪನ್ನೀರು. ಮನೆಯವರದ್ದು ಪನ್ನೀರಿನ ವ್ಯಾಪಾರ, ಹಾಗಾಗಿ ಆ ಹೆಸರು. ಬಸ್ರಾದಲ್ಲಿ ಕಲಿತು, ಬಗ್ದಾದಿಗೆ ಹೋಗಿ ಅಬೂ ಹಾಮಿದ್ ಇಸ್ಫರಾಯೀನಿಯವರ ಶಿಷ್ಯರಾದರು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಖಾಝಿಯಾಗಿ ದುಡಿದು ಬಗ್ದಾದಿನಲ್ಲೇ ನೆಲೆ ನಿಂತರು.

ಆ ಕಾಲದ ಬಗ್ದಾದ್ ವಿಚಿತ್ರವಾಗಿತ್ತು. ಹೆಸರಿಗೆ ಅಬ್ಬಾಸಿ ಖಲೀಫರ ಆಡಳಿತ. ಸೈನ್ಯ, ಖಜಾನೆ ಎಲ್ಲ ಬುವೈಹಿ ದೊರೆಗಳ ಕೈಯಲ್ಲಿ. ಇಬ್ಬರ ನಡುವೆ ಮಾತುಕತೆ ಆಗಬೇಕಾದಾಗ ಖಲೀಫರು ಕಳಿಸುತ್ತಿದ್ದುದು ಮಾವರ್ದಿಯವರನ್ನು. ಎರಡೂ ಕಡೆಯವರಿಗೆ ಅವರ ಮೇಲೆ ನಂಬಿಕೆ ಇತ್ತು.

ಆ ನಂಬಿಕೆಗೆ ಪರೀಕ್ಷೆ ಬಂದದ್ದು ಹಿಜರಿ 429ರಲ್ಲಿ. ದೊರೆ ಜಲಾಲುದ್ದೌಲನಿಗೆ ‘ಮಲಿಕುಲ್ ಮುಲೂಕ್’, ಅಂದರೆ ರಾಜರ ರಾಜ ಎಂಬ ಬಿರುದು ಬೇಕಾಯಿತು. ಜುಮಾ ಖುತ್ಬಾದಲ್ಲಿ ಆ ಬಿರುದು ಕೇಳಿದ್ದೇ ತಡ, ಜನ ಸಿಟ್ಟಿಗೆದ್ದು ಖತೀಬರ ಮೇಲೆ ಇಟ್ಟಿಗೆ ಎಸೆದರು. ಅಂಥ ಹೆಸರು ಅಲ್ಲಾಹನಿಗೆ ಮಾತ್ರ ಸಲ್ಲುವುದು ಎಂಬುದು ಅವರ ನಿಲುವು. ವಿಷಯ ಉಲಮಾಗಳ ಮುಂದೆ ಬಂತು. ಹೆಸರಾಂತ ಕೆಲವರು ಇದರಲ್ಲಿ ತಪ್ಪೇನಿಲ್ಲ ಎಂದು ಫತ್ವಾ ಕೊಟ್ಟರು. ಮಾವರ್ದಿ ಒಪ್ಪಲಿಲ್ಲ.

ಅವರು ದೊರೆಯ ವಿರೋಧಿಯಲ್ಲ, ಅವನ ಆಪ್ತರು. ದಿನಾ ಅರಮನೆಗೆ ಹೋಗಿ ಬರುತ್ತಿದ್ದವರು. ಫತ್ವಾ ಕೊಟ್ಟ ಮೇಲೆ ಹೋಗುವುದನ್ನು ನಿಲ್ಲಿಸಿ, ರಮಝಾನಿನಿಂದ ಬಕ್ರೀದಿನವರೆಗೆ ಭಯದಲ್ಲೇ ಮನೆಯಲ್ಲಿ ಕೂತರು. ಬಕ್ರೀದ್ ದಿನ ದೊರೆಯ ಕರೆ ಬಂತು. ಹೆದರುತ್ತಲೇ ಹೋದರು. ಆದರೆ ದೊರೆ ಗದರಲಿಲ್ಲ. ಇಷ್ಟು ಹತ್ತಿರದ ಮನುಷ್ಯ ತನಗೆ ಬೇಡದ ಮಾತು ಹೇಳಿದ್ದು ಸತ್ಯಕ್ಕಾಗಿಯೇ ಎಂದು ಅವನಿಗೆ ಅರ್ಥವಾಗಿತ್ತು. ಅವರ ಮೇಲಿನ ಗೌರವ ಮೊದಲಿಗಿಂತ ಹೆಚ್ಚಾಯಿತು. ‘ಅಖ್‌ಝಲ್ ಖುಝಾತ್’ ಎಂಬ ಹಿರಿಯ ನ್ಯಾಯಾಧೀಶರ ಬಿರುದು ಅವರಿಗೆ ಸಿಕ್ಕಿದ್ದೂ ಅದೇ ವರ್ಷ.

ಅವರ ‘ಅಲ್ ಅಹ್ಕಾಮುಸ್ಸುಲ್ತಾನಿಯ್ಯ’ ಆಡಳಿತದ ಕಾನೂನು ಹೇಳುವ ಕಿತಾಬ್. ಇಪ್ಪತ್ತು ಅಧ್ಯಾಯಗಳಿವೆ. ಅದರಲ್ಲೊಂದು ‘ಮಝಾಲಿಂ’ ನ್ಯಾಯಾಲಯದ ಬಗ್ಗೆ. ಇದು ನೆರೆಮನೆಯವರ ಜಗಳಕ್ಕಿಂತ ಹೆಚ್ಚಾಗಿ ಅಧಿಕಾರಸ್ಥರ ದಬ್ಬಾಳಿಕೆ ವಿಚಾರಿಸುವ ಜಾಗ. ಪ್ರಾಂತದ ಅಧಿಕಾರಿಗಳ ದೌರ್ಜನ್ಯ, ಹೆಚ್ಚಿಗೆ ವಸೂಲಿ ಮಾಡಿದ ತೆರಿಗೆ, ದಫ್ತರಿನ ಗುಮಾಸ್ತರ ಲೆಕ್ಕ, ತಡವಾದ ಅಥವಾ ಕಡಿತವಾದ ಸಂಬಳ, ಬಲವಂತವಾಗಿ ಕಿತ್ತುಕೊಂಡ ಜಮೀನು, ವಕ್ಫ್ ಆಸ್ತಿ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತದೆ. ಖಾಝಿಯ ತೀರ್ಪನ್ನು ಬಲಾಢ್ಯ ಕೇಳದೆ ಹೋದರೆ ಜಾರಿ ಮಾಡಿಸಬೇಕಾದದ್ದೂ ಇಲ್ಲೇ.

ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅಧಿಕಾರಿಗಳ ದೌರ್ಜನ್ಯ, ತೆರಿಗೆ, ಗುಮಾಸ್ತರ ಲೆಕ್ಕ, ಈ ಮೂರಕ್ಕೆ ಯಾರೂ ದೂರು ಕೊಡಬೇಕೆಂದಿಲ್ಲ. ನ್ಯಾಯಾಧೀಶ ತಾನಾಗಿಯೇ ವಿಚಾರಿಸಬೇಕು. ಹೆದರಿದವನು ದೂರು ಕೊಡಲು ಬರೋದಿಲ್ಲ ಅಲ್ವಾ? ಪೀಠದಲ್ಲಿ ಕೂರುವವನಿಗೆ ಅಧಿಕಾರವೂ ಗಾಂಭೀರ್ಯವೂ ಇರಬೇಕು, ಆಸೆಬುರುಕತನ ಇರಬಾರದು ಎಂದೂ ಅವರು ಬರೆದರು. ಕಾವಲು ಭಟರು, ಖಾಝಿಗಳು, ಕರ್ಮಶಾಸ್ತ್ರ ಪಂಡಿತರು, ಬರಹಗಾರರು, ಸಾಕ್ಷಿಗಳು, ಈ ಐದು ಗುಂಪಿನವರು ಇಲ್ಲದೆ ಕಲಾಪ ನಡೆಯಬಾರದೆಂಬ ನಿಯಮವನ್ನೂ ಇಟ್ಟರು.

ಬದುಕಿದ್ದಾಗ ಅವರು ತಮ್ಮ ಕಿತಾಬುಗಳನ್ನು ಹೊರಗೆ ತೋರಿಸಲೇ ಇಲ್ಲ, ಬರೆದದ್ದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಅಳುಕು ಅವರಿಗಿತ್ತು ಎಂಬ ಪ್ರತೀತಿ ಇದೆ. 1058ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡಾಗ ಹಿಜರಿ ಲೆಕ್ಕದಲ್ಲಿ ಅವರಿಗೆ 86 ವರ್ಷ. ಜಲಾಲುದ್ದೌಲ ಕೇಳಿ ಪಡೆದ ಬಿರುದು ಇವತ್ತು ಯಾರಿಗೂ ನೆನಪಿಲ್ಲ. ಅದಕ್ಕೆ ಒಪ್ಪದ ಖಾಝಿಯ ಕಿತಾಬುಗಳನ್ನು ಜನ ಈಗಲೂ ಓದುತ್ತಿದ್ದಾರೆ.