ಚಿಂಚೋಳಿಯ ವೀರೇಂದ್ರ ಪಾಟೀಲರು ಮತ್ತು ಬಹುಮತದ ಲೆಕ್ಕ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಮ್ಮ ಭಾಗದ ಹಿರಿಯರೊಬ್ಬರ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದ ಹೆಸರು ವೀರೇಂದ್ರ ಪಾಟೀಲರದು. ಅವರು ನಮ್ಮ ಹುಮನಾಬಾದ ಸೀಮೆಗೆ ಹತ್ತಿಕೊಂಡೇ ಇರುವ ಚಿಂಚೋಳಿಯವರು. ಈ ಶಾಲೆಯಲ್ಲಿ ಓದಿ, ಮುಂದೆ ಬೇರೆ ಊರುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದ ನಾನು, ಬಹುಮತ ಎಂದರೇನು ಎಂಬ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಅವರ ಜೀವನವನ್ನೇ ಹೇಳುತ್ತಿದ್ದೆ. ಪಠ್ಯಪುಸ್ತಕದ ಒಂದು ಸಾಲಿಗಿಂತ ಅದು ಬೇಗ ಅರ್ಥವಾಗುತ್ತಿತ್ತು.

ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು. ಆಗ ಚಿಂಚೋಳಿಯೂ ನಮ್ಮ ಊರೂ ನಿಜಾಮರ ಆಳ್ವಿಕೆಯಲ್ಲಿದ್ದವು. ಕಾನೂನು ಓದಿ ವಕೀಲರಾದ ಅವರು ಕಾಂಗ್ರೆಸ್ ಸೇರಿದರು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬೆಂಗಳೂರಿನವರಿಗೆ ಈ ಭಾಗ ಬಹಳ ದೂರದ್ದೆನಿಸುತ್ತಿದ್ದ ಕಾಲವದು. ಅಂಥ ಮೂಲೆಯಿಂದ ಹೋಗಿ ಅವರು ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾದರು. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಜನ ನಿಜಲಿಂಗಪ್ಪನವರ ಲವ ಕುಶ ಎಂದು ಕರೆಯುತ್ತಿದ್ದರು. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ, 1968ರ ಮೇ ತಿಂಗಳಲ್ಲಿ ಪಾಟೀಲರು ಮುಖ್ಯಮಂತ್ರಿಯಾದರು. ಆಗ ಅವರಿಗೆ 44 ವರ್ಷ.

1967ರ ಚುನಾವಣೆಯಲ್ಲಿ ವಿಧಾನಸಭೆಯ 216 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 126 ಬಂದಿದ್ದವು. ಬಹುಮತಕ್ಕೆ 109 ಸಾಕು. ಲೆಕ್ಕದಲ್ಲಿ ಭಯವಿರಲಿಲ್ಲ. ಆದರೆ 1969ರ ನವೆಂಬರಿನಲ್ಲಿ ಕಾಂಗ್ರೆಸ್ ಎರಡಾಗಿ ಒಡೆಯಿತು. ಪಾಟೀಲರು ತಮ್ಮ ಗುರುಗಳಾದ ನಿಜಲಿಂಗಪ್ಪನವರ ಕಡೆಯೇ ನಿಂತರು. ಆಗ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಅಲ್ಪಮತಕ್ಕೆ ಇಳಿದು ಕಮ್ಯುನಿಸ್ಟರು, ಡಿ.ಎಂ.ಕೆ. ಮುಂತಾದವರ ಬೆಂಬಲದಿಂದ ನಡೆಯಿತು. ಬೆಂಗಳೂರಿನಲ್ಲಿ ಪಾಟೀಲರ ಸರ್ಕಾರಕ್ಕೆ ಬಹುಮತವಿತ್ತು. ಆದರೂ ಕೊನೆಯಲ್ಲಿ ಉಳಿದದ್ದು ಅಲ್ಪಮತದ ಸರ್ಕಾರ, ಬಿದ್ದದ್ದು ಬಹುಮತದ ಸರ್ಕಾರ. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಅವರ ಪಕ್ಷಕ್ಕೆ ಹೋದವು. ಅದನ್ನು ಕಂಡು ಶಾಸಕರು ಒಬ್ಬೊಬ್ಬರಾಗಿ ಆ ಕಡೆಗೆ ನಡೆದರು. ಮಾರ್ಚ್ ತಿಂಗಳಲ್ಲಿ ಪಾಟೀಲರು ರಾಜೀನಾಮೆ ಕೊಟ್ಟರು. ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ನಡೆಯಿತು.

ಆಮೇಲೆ ಅವರು ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಆಳುವವರ ಕುರ್ಚಿಯಿಂದ ಇಳಿದವನಿಗೆ ಸದನದಲ್ಲಿ ಏನು ಕೆಲಸ ಎಂದು ಮಕ್ಕಳು ಕೇಳುತ್ತಿದ್ದರು. ಅಲ್ಲಿ ನಾನು ಸಮಿತಿಗಳ ವಿಷಯ ತೆಗೆಯುತ್ತಿದ್ದೆ. ಸದನದಲ್ಲಿ ಕೈಯೆತ್ತಿ ಗೆಲ್ಲುವುದು ಬಹುಮತ. ಆದರೆ ಖರ್ಚಾದ ಹಣದ ಲೆಕ್ಕ ನೋಡುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಸಂಸತ್ತಿನ ಈ ಸಮಿತಿಯಲ್ಲಿ 22 ಜನ, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಮಂತ್ರಿಗಳಿಗೆ ಅಲ್ಲಿ ಜಾಗವಿಲ್ಲ. ಪ್ರಮಾಣಾನುಗುಣ ಪ್ರಾತಿನಿಧ್ಯದಿಂದ ಆಯ್ಕೆಯಾಗುವುದರಿಂದ ಸದನದಲ್ಲಿ ಯಾರ ಬಲ ಎಷ್ಟೋ ಸಮಿತಿಯಲ್ಲೂ ಸರಿಸುಮಾರು ಅಷ್ಟೇ. ಸರ್ಕಾರ ಅಲ್ಪಮತದ್ದಾದರೆ ಸಮಿತಿಯಲ್ಲೂ ಅದರ ಕೈ ಮೇಲಾಗುವುದಿಲ್ಲ. ಸರ್ಕಾರ ಬಹುಮತದ್ದಾದರೂ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಎಂಬ ಸಂಪ್ರದಾಯ 1967ರಲ್ಲಿ ಮೀನೂ ಮಸಾನಿಯವರಿಂದ ಆರಂಭವಾಯಿತು. ಮನೆಯ ಯಜಮಾನನೇ ತನ್ನ ಲೆಕ್ಕ ತಾನೇ ನೋಡಿ ಸರಿ ಎಂದರೆ ಯಾರು ನಂಬುತ್ತಾರೆ?

1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಪಾಟೀಲರು ಜನತಾ ಪಕ್ಷದಿಂದ ಇಂದಿರಾ ಗಾಂಧಿಯವರ ಎದುರು ನಿಂತು ಸೋತರು. ಇಡೀ ದೇಶ ಆ ಸ್ಪರ್ಧೆಯನ್ನು ನೋಡಿತು. ಬಳಿಕ ಅವರು ಇಂದಿರಾ ಅವರ ಪಕ್ಷಕ್ಕೇ ಮರಳಿ, 1980ರಲ್ಲಿ ಬಾಗಲಕೋಟೆಯಿಂದ, 1984ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು.

1989ರ ನವೆಂಬರಿನಲ್ಲಿ ಅವರು ಎರಡನೇ ಬಾರಿ ಮುಖ್ಯಮಂತ್ರಿಯಾದರು. ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ ಬಂದಿದ್ದವು, ಜನತಾ ದಳಕ್ಕೆ 24. ಇಲ್ಲಿ ಮಕ್ಕಳಿಗೆ ಎರಡು ಲೆಕ್ಕ ಕೊಡುತ್ತಿದ್ದೆ. ಮೊದಲನೆಯದು, 178 ಎಂದರೆ ಸದನದ ಐದರಲ್ಲಿ ನಾಲ್ಕು ಪಾಲು, ಆದರೆ ಆ ಪಕ್ಷಕ್ಕೆ ಬಿದ್ದ ಮತ ಶೇಕಡಾ 44ರಷ್ಟು ಮಾತ್ರ. ಎರಡನೆಯದು, ಅಂಥ ಸದನ ಪ್ರಮಾಣಾನುಗುಣವಾಗಿ 15 ಜನರ ಸಮಿತಿಯನ್ನು ಆರಿಸಿದರೆ ಒಬ್ಬ ಸದಸ್ಯ ಗೆಲ್ಲಲು 15 ಮತ ಬೇಕು. 24 ಜನರ ಪಕ್ಷ ಒಬ್ಬನನ್ನು ತನ್ನ ಬಲದಿಂದಲೇ ಕಳಿಸಬಹುದು. ನೇರ ಕೈಯೆತ್ತುವ ಪದ್ಧತಿಯಿದ್ದರೆ ಹದಿನೈದೂ ಆಳುವವರ ಪಾಲೇ. ಸಣ್ಣವರಿಗೂ ಕುಳಿತು ಕಾಗದ ನೋಡುವ ಹಕ್ಕು ಉಳಿಸುವುದು ಆ ಪದ್ಧತಿ.

ಪಾಟೀಲರು ಹೆಂಡದ ವ್ಯಾಪಾರದಲ್ಲಿ ಸೋರಿಹೋಗುತ್ತಿದ್ದ ಅಬಕಾರಿ ಆದಾಯವನ್ನು ಬಿಗಿ ಮಾಡಿದರು. ಬಿಗಿ ಆಡಳಿತಗಾರ ಎಂಬ ಹೆಸರು ಅವರಿಗೆ ಮೊದಲಿನಿಂದಲೂ ಇತ್ತು. ಆದರೆ 1990ರಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಅದೇ ಹೊತ್ತಿಗೆ ರಾಜ್ಯದ ಕೆಲವೆಡೆ ಕೋಮುಗಲಭೆಗಳಾದವು. ಅಕ್ಟೋಬರಿನಲ್ಲಿ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವದ ಬದಲಾವಣೆಯನ್ನು ಘೋಷಿಸಿದರು. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆಯಿದ್ದು, ಅಕ್ಟೋಬರ್ 17ರಂದು ಬಂಗಾರಪ್ಪನವರು ಪ್ರಮಾಣವಚನ ಸ್ವೀಕರಿಸಿದರು. 1971ರಲ್ಲಿ ಬಹುಮತ ಕೆಳಗಿನಿಂದ ಕರಗಿತ್ತು, 1990ರಲ್ಲಿ ಮೇಲಿನಿಂದ ಹೋಯಿತು. ಎರಡು ಸಲವೂ ಸದನದಲ್ಲಿ ಮತ ಎಣಿಸಿ ಇಳಿಸಿದ್ದಲ್ಲ. 1994ರ ಚುನಾವಣೆಯಲ್ಲಿ ಅದೇ ಪಕ್ಷ 34ಕ್ಕೆ ಇಳಿಯಿತು. ಅದೇ ವರ್ಷ ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕೆಂದು ತೀರ್ಪು ಕೊಟ್ಟಿತು. ಪಾಟೀಲರು 1997ರ ಮಾರ್ಚ್ 14ರಂದು ತೀರಿಕೊಂಡರು.

ಅವರ ಬಾಳಿನಿಂದ ನಾನು ತಿಳಿದದ್ದಿಷ್ಟು. ಬಹುಮತ ಎನ್ನುವುದು ಹೊಲದ ಪಹಣಿಯಲ್ಲ, ಯಾರ ಹೆಸರಿಗೂ ಕಾಯಂ ಆಗುವುದಿಲ್ಲ. ಇಂದು 178 ಇದ್ದವರು ನಾಳೆ 34 ಆಗುತ್ತಾರೆ. ಇಂದು ಲೆಕ್ಕ ಕೇಳುವವರ ಬಾಯಿ ಮುಚ್ಚಿಸಿದವರಿಗೆ ನಾಳೆ ತಾವೇ ಲೆಕ್ಕ ಕೇಳಬೇಕಾದಾಗ ಜಾಗವಿರುವುದಿಲ್ಲ. ಇದು ದೆಹಲಿ, ಬೆಂಗಳೂರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ, ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಹೆಚ್ಚು ಜನ ಒಂದು ಕಡೆ ಇದ್ದಾಗ, ಇನ್ನೊಂದು ಕಡೆಯ ಒಬ್ಬ ತಂದೆಯೋ ತಾಯಿಯೋ ಕೋಣೆಯ ದುರಸ್ತಿಗೆ ಬಂದ ಹಣ ಎಲ್ಲಿ ಹೋಯಿತೆಂದು ಕೇಳಿದರೆ, ಅವರಿಗೆ ಕುರ್ಚಿ ಕೊಟ್ಟು ವಹಿ ತೋರಿಸೋಣ. ಈ ಶಾಲೆ ಮುಂದಿನ ಐವತ್ತು ವರ್ಷ ಗಟ್ಟಿಯಾಗಿ ನಿಲ್ಲಲು ಅಂಥ ಪ್ರಶ್ನೆಗಳೂ ಬೇಕು.