ಮಿತಾಕ್ಷರದ ವಿಜ್ಞಾನೇಶ್ವರ

ಕನ್ನಡ ನಾಡಿನಲ್ಲಿ ರಾಜ್ಯಗಳನ್ನು ಕಟ್ಟಿ ಆಳಿದ ವೀರರು ಅನೇಕರು. ಅವರ ರಾಜ್ಯಗಳೆಲ್ಲ ಕಾಲಗರ್ಭದಲ್ಲಿ ಅಡಗಿಹೋದವು. ಆದರೆ ಇದೇ ನಾಡಿನ ಸಂನ್ಯಾಸಿಯೊಬ್ಬನು ಬರೆದ ವ್ಯಾಖ್ಯಾನವೊಂದು ಭಾರತದ ಬಹುಭಾಗದಲ್ಲಿ ಮನೆತನಗಳ ಆಸ್ತಿಯ ಹಕ್ಕನ್ನು ಶತಮಾನಗಳ ಕಾಲ ನಿರ್ಣಯಿಸಿತು. ಆ ಗ್ರಂಥವೇ ಮಿತಾಕ್ಷರಾ. ಅದರ ಕರ್ತೃ ವಿಜ್ಞಾನೇಶ್ವರ.

ವಿಜ್ಞಾನೇಶ್ವರನು ಭಾರದ್ವಾಜ ಗೋತ್ರದ ಪದ್ಮನಾಭಭಟ್ಟನ ಮಗ. ಉತ್ತಮನೆಂಬ ಗುರುವಿನ ಶಿಷ್ಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವಿನ ಅವಧಿಯಲ್ಲಿ, ಅವನು ಬಾಳಿದನು. ಅಂದಿನ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಾಶ್ಮೀರದಿಂದ ಬಂದ ಬಿಲ್ಹಣನು ಅಲ್ಲಿ ಅರಸನ ಚರಿತೆಯನ್ನು ಕಾವ್ಯವಾಗಿ ಹಾಡಿದನು. ವಿಜ್ಞಾನೇಶ್ವರನಾದರೋ ಧರ್ಮಶಾಸ್ತ್ರದ ಕಠಿನ ಹಾದಿಯನ್ನು ಹಿಡಿದನು.

ಅವನು ಕೈಗೆತ್ತಿಕೊಂಡುದು ಯಾಜ್ಞವಲ್ಕ್ಯ ಸ್ಮೃತಿಯನ್ನು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರು ಭಾಗಗಳುಳ್ಳ ಆ ಸ್ಮೃತಿಯಲ್ಲಿ ಇರುವುದು ಸುಮಾರು ಸಾವಿರ ಶ್ಲೋಕಗಳು ಮಾತ್ರ. ಸಾಲ, ಸಾಕ್ಷಿ, ದಾಯಭಾಗ ಮೊದಲಾದ ವಿಷಯಗಳನ್ನು ಅದು ಸೂತ್ರದಂತೆ ಹೇಳಿ ಮುಗಿಸುತ್ತದೆ. ಒಂದು ಸ್ಮೃತಿಯ ಮಾತು ಇನ್ನೊಂದಕ್ಕೆ ವಿರೋಧವಾಗಿ ಕಂಡಾಗ ನ್ಯಾಯ ಹೇಳುವವರು ಯಾವುದನ್ನು ಅನುಸರಿಸಬೇಕು? ವಿಜ್ಞಾನೇಶ್ವರನು ಮೀಮಾಂಸಾಶಾಸ್ತ್ರದ ಅರ್ಥನಿರ್ಣಯದ ನಿಯಮಗಳನ್ನು ಬಳಸಿ ಇಂತಹ ತೊಡಕುಗಳನ್ನು ಬಿಡಿಸಿದನು. ಮಿತಾಕ್ಷರಾ ಎಂದರೆ ಅಳತೆಯರಿತ ಅಕ್ಷರಗಳುಳ್ಳದ್ದು. ಹೆಸರಿಗೆ ತಕ್ಕಂತೆ ಅದರಲ್ಲಿ ವ್ಯರ್ಥವಾದ ಮಾತಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅವನ ಪ್ರಸಿದ್ಧ ಸಿದ್ಧಾಂತ. ತಾತನ ಕಾಲದ ಭೂಮಿಯನ್ನು ತಂದೆಯು ಮನಬಂದಂತೆ ಪರಾಧೀನ ಮಾಡುವಂತಿಲ್ಲ ಎಂಬುದು ಇದರ ಫಲ. ಬಂಗಾಳದ ಜೀಮೂತವಾಹನನು ತನ್ನ ದಾಯಭಾಗ ಗ್ರಂಥದಲ್ಲಿ, ತಂದೆಯ ಮರಣಾನಂತರವೇ ಮಗನಿಗೆ ಹಕ್ಕು ಬರುವುದೆಂದು ಸಾರಿದನು. ಬಂಗಾಳದ ಕಡೆ ಆ ಮತವೂ, ಭಾರತದ ಉಳಿದ ಬಹುಭಾಗದಲ್ಲಿ ಮಿತಾಕ್ಷರದ ಮತವೂ ನೆಲೆಯೂರಿದವು.

ಹುಟ್ಟಿನ ಹಕ್ಕು ಗಂಡುಮಕ್ಕಳಿಗಷ್ಟೇ ಮೀಸಲಾಯಿತೆಂಬುದು ನಿಜ. ಆದರೂ ಸ್ತ್ರೀಯರ ವಿಷಯದಲ್ಲಿ ವಿಜ್ಞಾನೇಶ್ವರನ ದೃಷ್ಟಿ ತನ್ನ ಕಾಲಕ್ಕೆ ಉದಾರವಾಗಿತ್ತು. ಸ್ತ್ರೀಧನವನ್ನು ಕುರಿತ ಶ್ಲೋಕದಲ್ಲಿ ಯಾಜ್ಞವಲ್ಕ್ಯನು ಕೆಲವು ಬಗೆಯ ಧನಗಳನ್ನು ಎಣಿಸಿ, ಕೊನೆಗೆ ಆದ್ಯ, ಎಂದರೆ ಮೊದಲಾದುವು, ಎಂಬ ಚಿಕ್ಕ ಪದವನ್ನು ಇಟ್ಟಿದ್ದನು. ವಾರಸಿಕೆಯಿಂದ, ಕ್ರಯದಿಂದ, ವಿಭಾಗದಿಂದ ಸ್ತ್ರೀಗೆ ದೊರೆತುದೆಲ್ಲವೂ ಆ ಪದದಲ್ಲಿ ಅಡಗಿದೆಯೆಂದು ವಿಜ್ಞಾನೇಶ್ವರನು ಅರ್ಥಮಾಡಿದನು. ಪದದ ಸಹಜವಾದ ಅರ್ಥವು ಹೊಂದುತ್ತಿರುವಾಗ ಪಾರಿಭಾಷಿಕ ಅರ್ಥವನ್ನು ಹೇರುವುದು ಯುಕ್ತವಲ್ಲವೆಂಬುದು ಅವನ ವಾದವಾಗಿತ್ತು.

ಬ್ರಿಟಿಷರ ಆಳ್ವಿಕೆ ಬಂದಾಗ ನ್ಯಾಯಾಲಯಗಳಿಗೆ ಈ ಗ್ರಂಥವು ಆಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದನು. ಆದರೆ ನ್ಯಾಯಾಧೀಶರು ವಿಜ್ಞಾನೇಶ್ವರನ ಉದಾರವಾದ ಅರ್ಥವನ್ನು ಪೂರ್ಣವಾಗಿ ಒಪ್ಪಲಿಲ್ಲ. ವಿಧವೆಗೆ ಗಂಡನಿಂದ ವಾರಸಿಕೆಯಾಗಿ ಬಂದ ಆಸ್ತಿ ಸ್ತ್ರೀಧನವಲ್ಲವೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1867ರಲ್ಲಿ ತೀರ್ಪಿತ್ತಿತು. ಅಂತಹ ಆಸ್ತಿಯನ್ನು ಅವಳು ಜೀವವಿರುವ ತನಕ ಅನುಭವಿಸಬಹುದಾಗಿತ್ತು. ಇಚ್ಛೆಯಂತೆ ಮಾರುವ, ದಾನಮಾಡುವ ಸ್ವಾತಂತ್ರ್ಯ ಅವಳಿಗಿರಲಿಲ್ಲ. ಒಂದು ಪದದ ಅರ್ಥವನ್ನು ಕಿರಿದುಗೊಳಿಸಿದ್ದರಿಂದ ಅಸಂಖ್ಯ ಸ್ತ್ರೀಯರ ಬಾಳೂ ಕಿರಿದಾಯಿತು.

ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಈ ಕೊರತೆಯನ್ನು ನೀಗಿತು. ವಾರಸಿಕೆ, ವಿಭಾಗ, ಕ್ರಯ ಮೊದಲಾದ ಮಾರ್ಗಗಳಿಂದ ಬಂದ ಆಸ್ತಿಗೆ ಸ್ತ್ರೀಯೇ ಪೂರ್ಣ ಒಡತಿಯಾದಳು. ವಿಜ್ಞಾನೇಶ್ವರನು ಕೊಟ್ಟ ಪಟ್ಟಿಯೇ ಎಂಟು ಶತಮಾನಗಳ ಬಳಿಕ ಮರಳಿ ಬಂದಂತಾಯಿತು. ಹುಟ್ಟಿನ ಹಕ್ಕನ್ನು ಹೆಣ್ಣುಮಕ್ಕಳಿಗೂ ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದಿತು. ಇಡೀ ದೇಶಕ್ಕೆ 2005ರಲ್ಲಿ ಅನ್ವಯಿಸಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ನಿರ್ಣಯಿಸಿತು. ಕಲ್ಯಾಣದ ಯತಿಯು ಮಗನಿಗೆಂದು ಸ್ಥಾಪಿಸಿದ ತತ್ತ್ವವು ಹೀಗೆ ಮಗಳಿಗೂ ದೊರೆಯಿತು.

ಕಾನೂನು ಬರಿಯ ಅಕ್ಷರಗಳ ರಾಶಿಯಲ್ಲ. ಅದನ್ನು ಓದುವವನ ವಿವೇಕದಿಂದ ಅದಕ್ಕೆ ಜೀವ ಬರುತ್ತದೆ. ಆ ವಿವೇಕದಿಂದಲೇ ವಿಜ್ಞಾನೇಶ್ವರನ ಹೆಸರು ಚಿರಸ್ಥಾಯಿಯಾಗಿದೆ.