ಧ್ವನಿಯಲ್ಲೇ ಲೋಕ ಕಟ್ಟಿದ ಆರ್ಸನ್ ವೆಲ್ಸ್

ರೇಡಿಯೋದಲ್ಲಿ ಕಥೆ ಹೇಳುವವರಿಗೆ ವೇಷವಿಲ್ಲ, ರಂಗಸ್ಥಳವಿಲ್ಲ, ದೀಪದ ಬೆಳಕಿಲ್ಲ. ಇರುವುದು ಮಾತು, ಸಂಗೀತ, ಒಂದಿಷ್ಟು ಸದ್ದು ಮತ್ತು ಮೌನ. ಕರಾವಳಿಯ ನಮಗೆ ಇದು ತೀರಾ ಹೊಸತಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತಲ್ಲಿಂದಲೇ ಕುರುಕ್ಷೇತ್ರವನ್ನು ಕಣ್ಣ ಮುಂದೆ ತರುತ್ತಾರೆ. ರೇಡಿಯೋ ಎಂಬ ಮಾಧ್ಯಮದಲ್ಲಿ ಇಂತಹ ಶಕ್ತಿ ಎಷ್ಟಿದೆ, ಅದರ ಜೊತೆಗೆ ಹೊಣೆ ಎಷ್ಟಿದೆ ಎಂಬ ಎರಡನ್ನೂ ತಮ್ಮ ಬದುಕಿನಲ್ಲಿ ತೋರಿಸಿದವರು ಅಮೆರಿಕದ ಆರ್ಸನ್ ವೆಲ್ಸ್. ಸಿನಿಮಾ ನಿರ್ದೇಶಕರೆಂದೇ ಜಗತ್ತು ಅವರನ್ನು ನೆನೆಯುತ್ತದೆ. ಆದರೆ ಅವರ ಕಲೆ ಪಳಗಿದ್ದು ಮೈಕಿನ ಮುಂದೆ.

ಬಾಲ್ಯ ಮತ್ತು ರಂಗಭೂಮಿ

ವೆಲ್ಸ್ 1915ರ ಮೇ 6ರಂದು ವಿಸ್ಕಾನ್ಸಿನ್ ರಾಜ್ಯದ ಕೆನೋಷಾದಲ್ಲಿ ಜನಿಸಿದರು. ತಾಯಿ ಬಿಯಾಟ್ರಿಸ್ ಪಿಯಾನೋ ವಾದಕಿ. ಮಗನಿಗೆ ಒಂಬತ್ತು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, 1924ರಲ್ಲಿ, ಅವರು ತೀರಿಕೊಂಡರು. 1930ರಲ್ಲಿ ತಂದೆಯೂ ಅಗಲಿದರು. ಹದಿನೈದರ ಹರೆಯದಲ್ಲಿ ಅನಾಥರಾದ ಈ ಹುಡುಗನಿಗೆ ವುಡ್‌ಸ್ಟಾಕ್‌ನ ಟಾಡ್ ಶಾಲೆಯೂ ಅಲ್ಲಿನ ಗುರು ರೋಜರ್ ಹಿಲ್ ಅವರೂ ಆಸರೆಯಾದರು. 1931ರಲ್ಲಿ ಐರ್ಲೆಂಡಿಗೆ ಹೋದ ವೆಲ್ಸ್, ಹದಿನಾರನೆಯ ವಯಸ್ಸಿನಲ್ಲೇ ಡಬ್ಲಿನ್‌ನ ಗೇಟ್ ಥಿಯೇಟರಿನಲ್ಲಿ ಬಣ್ಣ ಹಚ್ಚಿದರು.

ತಾಯ್ನಾಡಿಗೆ ಮರಳಿದ ಮೇಲೆ 1934ರ ಹೊತ್ತಿಗೆ ರೇಡಿಯೋ ಕೆಲಸ ದೊರೆಯಿತು. ‘ಮಾರ್ಚ್ ಆಫ್ ಟೈಮ್’ ಎಂಬ ಕಾರ್ಯಕ್ರಮದಲ್ಲಿ ವಾರದ ಸುದ್ದಿಗಳನ್ನು ನಟರು ನಾಟಕದಂತೆ ಅಭಿನಯಿಸುತ್ತಿದ್ದರು. ಅದರಲ್ಲಿ ವೆಲ್ಸ್ ಕೂಡ ಹಲವು ಪಾತ್ರಗಳಿಗೆ ದನಿಯಾದರು. ಸುದ್ದಿಗೂ ನಾಟಕಕ್ಕೂ ನಡುವಿನ ಗೆರೆ ಎಷ್ಟು ತೆಳುವಾಗಿರಬಲ್ಲದು ಎಂಬ ಅನುಭವ ಇಲ್ಲಿ ದೊರೆಯಿತು. 1937ರಲ್ಲಿ ವಿಕ್ಟರ್ ಹ್ಯೂಗೋ ಅವರ ‘ಲೆ ಮಿಸರಾಬ್ಲ್’ ಕಾದಂಬರಿಯನ್ನು ಏಳು ಕಂತುಗಳ ಬಾನುಲಿ ನಾಟಕವಾಗಿಸಿ, ನಿರ್ದೇಶಿಸಿ, ಜೀನ್ ವಾಲ್ಜೀನನ ಪಾತ್ರವನ್ನೂ ತಾವೇ ವಹಿಸಿದರು. ಅದೇ ವರ್ಷ ಜಾನ್ ಹೌಸ್‌ಮನ್ ಅವರೊಂದಿಗೆ ಮರ್ಕ್ಯುರಿ ಥಿಯೇಟರ್ ತಂಡವನ್ನು ಕಟ್ಟಿದರು.

ಕಥೆ ಹೇಳುವ ಹೊಸ ಬಗೆ

1938ರ ಜುಲೈ 11ರಂದು ಸಿಬಿಎಸ್ ಜಾಲದಲ್ಲಿ ಈ ತಂಡದ ಬಾನುಲಿ ಸರಣಿ ‘ಡ್ರಾಕುಲಾ’ದೊಂದಿಗೆ ಆರಂಭವಾಯಿತು. ವೆಲ್ಸ್ ಇಲ್ಲಿ ಒಂದು ಸರಳ ವಿಚಾರವನ್ನು ಹಿಡಿದರು. ರೇಡಿಯೋ ಕೇಳುವವರು ಸಭಾಂಗಣದಲ್ಲಿ ಕುಳಿತ ಪ್ರೇಕ್ಷಕರಲ್ಲ. ಮನೆಯ ಜಗಲಿಯಲ್ಲೋ ಅಡುಗೆಮನೆಯಲ್ಲೋ ಇರುವ ಒಬ್ಬಿಬ್ಬರು. ಅವರಿಗೆ ಭಾಷಣ ಬೇಡ, ಹತ್ತಿರ ಕುಳಿತು ಕಥೆ ಹೇಳುವ ದನಿ ಬೇಕು. ಆದ್ದರಿಂದ ಕಥೆ ನಾನು ಎಂಬ ನಿರೂಪಣೆಯಲ್ಲೇ ಸಾಗುತ್ತಿತ್ತು. ಸರಣಿಯ ಮೊದಲ ಹೆಸರೂ ‘ಫಸ್ಟ್ ಪರ್ಸನ್ ಸಿಂಗ್ಯುಲರ್’ ಎಂದೇ ಇತ್ತು. ಬರ್ನಾರ್ಡ್ ಹರ್ಮನ್ ಸಂಗೀತ ನೀಡುತ್ತಿದ್ದರು. ಹೆಜ್ಜೆಯ ಸದ್ದು, ಬಾಗಿಲ ಕಿರುಗುಟ್ಟುವಿಕೆ, ದೂರದಿಂದ ಬರುವ ಕೂಗು ಇವೇ ಅಲ್ಲಿನ ರಂಗಸಜ್ಜಿಕೆಯಾದವು.

1938ರ ಅಕ್ಟೋಬರ್ 30, ಭಾನುವಾರ ರಾತ್ರಿ. ಎಚ್. ಜಿ. ವೆಲ್ಸ್ ಅವರ ‘ವಾರ್ ಆಫ್ ದ ವರ್ಲ್ಡ್ಸ್’ ಕಾದಂಬರಿಯನ್ನು ಹೊವಾರ್ಡ್ ಕಾಕ್ ರೇಡಿಯೋಗೆ ಅಳವಡಿಸಿದ್ದರು. ನೃತ್ಯ ಸಂಗೀತ ನುಡಿಯುತ್ತಿರುವಾಗ ನಡುನಡುವೆ ಸುದ್ದಿ ಪ್ರಕಟಣೆ. ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್‌ನಲ್ಲಿ ಮಂಗಳಗ್ರಹದವರು ಇಳಿದಿದ್ದಾರೆಂದು ವರದಿಗಾರ ಗಾಬರಿಯಿಂದ ಹೇಳುತ್ತಾನೆ. ಈ ಪಾತ್ರಕ್ಕಾಗಿ ನಟ ಫ್ರಾಂಕ್ ರೆಡಿಕ್, 1937ರ ಹಿಂಡೆನ್‌ಬರ್ಗ್ ವಾಯುನೌಕೆ ದುರಂತದ ಧ್ವನಿಮುದ್ರಣವನ್ನು ಆಲಿಸಿ ಅಭ್ಯಾಸ ಮಾಡಿದ್ದರು. ವರದಿಗಾರನ ಮಾತು ಅರ್ಧಕ್ಕೇ ತುಂಡಾಗುತ್ತದೆ. ಬಳಿಕ ಕೆಲವು ಕ್ಷಣ ಬರೀ ಮೌನ. ಆ ನಾಟಕದ ಅತ್ಯಂತ ಭಯಾನಕ ಭಾಗ ಆ ಮೌನವೇ.

ಇದು ನಾಟಕವೆಂದು ಆರಂಭದಲ್ಲೂ, ನಡುವಿನಲ್ಲೂ, ಕೊನೆಯಲ್ಲೂ ತಿಳಿಸಲಾಗಿತ್ತು. ಆದರೂ ತಡವಾಗಿ ಕೇಳತೊಡಗಿದ ಕೆಲವರು ನಿಜವೆಂದೇ ನಂಬಿ ಹೆದರಿದರು, ಪೊಲೀಸರಿಗೂ ಪತ್ರಿಕಾಲಯಗಳಿಗೂ ಫೋನ್ ಮಾಡಿದರು. ಮರುದಿನದ ಪತ್ರಿಕೆಗಳು ಇಡೀ ದೇಶವೇ ಬೀದಿಗೆ ಓಡಿಬಂತೆಂಬಂತೆ ಬರೆದವು. ಆ ಬಣ್ಣನೆ ಬಹಳ ಉತ್ಪ್ರೇಕ್ಷಿತವೆಂದು ನಂತರದ ಸಂಶೋಧನೆಗಳು ತೋರಿಸಿವೆ. ಆ ರಾತ್ರಿ ನಡೆದ ಸಮೀಕ್ಷೆಯೊಂದರಲ್ಲಿ ಈ ಕಾರ್ಯಕ್ರಮ ಕೇಳುತ್ತಿದ್ದವರು ಸುಮಾರು ಶೇಕಡಾ 2 ಮಾತ್ರ. ಹೆಚ್ಚಿನವರು ಬೇರೊಂದು ಜಾಲದ ಹಾಸ್ಯ ಕಾರ್ಯಕ್ರಮಕ್ಕೆ ಕಿವಿಗೊಟ್ಟಿದ್ದರು. ಆದರೆ 1949ರ ಫೆಬ್ರವರಿಯಲ್ಲಿ ಇದೇ ಕಥೆಯನ್ನು ಇಕ್ವೆಡಾರ್‌ನ ಕ್ವಿಟೋ ನಗರದ ಬಾನುಲಿ ಕೇಂದ್ರವೊಂದು ಪ್ರಸಾರ ಮಾಡಿದಾಗ, ಮೋಸಹೋದ ಜನ ಸಿಟ್ಟಿಗೆದ್ದು ಕೇಂದ್ರವಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟರು. ಹಲವರು ಪ್ರಾಣ ಕಳೆದುಕೊಂಡರು. ಕಿವಿಯ ನಂಬಿಕೆಯೊಂದಿಗೆ ಆಟವಾಡುವುದು ಎಲ್ಲ ಕಡೆಯೂ ನಗುವಿನಲ್ಲಿ ಮುಗಿಯುವುದಿಲ್ಲ.

ಸಿನಿಮಾದಲ್ಲೂ ರೇಡಿಯೋ

ಈ ಖ್ಯಾತಿ ವೆಲ್ಸ್ ಅವರನ್ನು ಹಾಲಿವುಡ್‌ಗೆ ಕರೆದೊಯ್ದಿತು. 1941ರಲ್ಲಿ ತೆರೆಕಂಡ ‘ಸಿಟಿಜನ್ ಕೇನ್’ ಕಣ್ಣಿಗೆಷ್ಟೋ ಕಿವಿಗೂ ಅಷ್ಟೇ. ಬೃಹತ್ ಬಂಗಲೆಯಲ್ಲಿ ಮಾರ್ದನಿಸುವ ಮಾತೇ ಗಂಡಹೆಂಡಿರ ನಡುವಿನ ದೂರವನ್ನು ತಿಳಿಸುತ್ತದೆ. ಪುಟ್ಟ ಬಾಲಕನಿಗೆ ಕ್ರಿಸ್ಮಸ್ ಶುಭಾಶಯ ಹೇಳತೊಡಗಿದ ಪಾಲಕ, ಅದೇ ವಾಕ್ಯವನ್ನು ಹೊಸ ವರ್ಷದ ಹಾರೈಕೆಯೊಂದಿಗೆ ಮುಗಿಸುವಾಗ ಆ ಬಾಲಕ ಯುವಕನಾಗಿರುತ್ತಾನೆ. ಒಂದೇ ವಾಕ್ಯದಲ್ಲಿ ಎಷ್ಟೋ ವರ್ಷ ದಾಟುವ ಈ ಉಪಾಯ ರೇಡಿಯೋ ಕಲಿಸಿದ್ದು.

ನೊಂದವನಿಗಾಗಿ ಎತ್ತಿದ ದನಿ

ವೆಲ್ಸ್ ಅವರ ಬಾನುಲಿ ಬದುಕಿನಲ್ಲಿ ಮಂಗಳಗ್ರಹದ ಗದ್ದಲಕ್ಕಿಂತ ಹಿರಿದಾದ ಘಟ್ಟವೊಂದಿದೆ. 1946ರ ಫೆಬ್ರವರಿ 12ರಂದು ಐಸಾಕ್ ವುಡರ್ಡ್ ಎಂಬ ಕಪ್ಪು ಜನಾಂಗದ ಸೈನಿಕರು ಯುದ್ಧಸೇವೆ ಮುಗಿಸಿ, ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದರು. ದಾರಿಯಲ್ಲಿ ಚಾಲಕನೊಡನೆ ಮಾತಿಗೆ ಮಾತು ಬೆಳೆಯಿತು. ದಕ್ಷಿಣ ಕೆರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಅವರನ್ನು ಇಳಿಸಿ ಪೊಲೀಸರಿಗೊಪ್ಪಿಸಲಾಯಿತು. ಲಾಠಿ ಏಟಿಗೆ ಅವರ ಎರಡೂ ಕಣ್ಣುಗಳು ಹೋದವು. ಹೊಡೆದವರು ಯಾರೆಂದು ಹೊರಜಗತ್ತಿಗೆ ತಿಳಿದಿರಲಿಲ್ಲ.

ಜುಲೈ 28ರಂದು ವೆಲ್ಸ್ ಎಬಿಸಿ ಜಾಲದ ತಮ್ಮ ಸಾಪ್ತಾಹಿಕ ಕಾರ್ಯಕ್ರಮದಲ್ಲಿ ವುಡರ್ಡ್ ಅವರ ಪ್ರಮಾಣಪತ್ರವನ್ನು ಓದಿದರು. ಹೊಡೆದ ಅಧಿಕಾರಿಯನ್ನು ಪತ್ತೆಹಚ್ಚದೆ ಬಿಡುವುದಿಲ್ಲವೆಂದು ಸಾರಿದರು. ಇಲ್ಲಿ ಸಂಗೀತವಿರಲಿಲ್ಲ, ಕೃತಕ ಸದ್ದೂ ಇರಲಿಲ್ಲ. ಒಂದು ದನಿ ಮಾತ್ರ. ಮೊದಲು ಹೆಸರಿಸಿದ ಊರು ತಪ್ಪಾಗಿದ್ದರಿಂದ ಪ್ರತಿಭಟನೆ ಎದುರಾಯಿತು. ಆದರೂ ವಾರದಿಂದ ವಾರಕ್ಕೆ ವಿಷಯವನ್ನು ಬಿಡಲಿಲ್ಲ. ಕೊನೆಗೆ ಬೇಟ್ಸ್‌ಬರ್ಗ್‌ನ ಪೊಲೀಸ್ ಮುಖ್ಯಸ್ಥನ ಹೆಸರು ಬಯಲಾಗಿ ಮೊಕದ್ದಮೆ ನಡೆಯಿತು. ಬಿಳಿಯರೇ ತುಂಬಿದ್ದ ತೀರ್ಪುಗಾರರ ಮಂಡಳಿ ನವೆಂಬರಿನಲ್ಲಿ ಆತನನ್ನು ಬಿಡುಗಡೆ ಮಾಡಿತು. ವೆಲ್ಸ್ ಅವರ ಕಾರ್ಯಕ್ರಮ ಅದಕ್ಕೂ ಮೊದಲೇ, ಅಕ್ಟೋಬರಿನಲ್ಲಿ, ನಿಂತುಹೋಗಿತ್ತು. ಆದರೆ ಆ ಪ್ರಕರಣ ಅಧ್ಯಕ್ಷ ಟ್ರೂಮನ್ ಅವರ ಮನಸ್ಸನ್ನೂ ಕಲಕಿತ್ತು. 1948ರ ಜುಲೈ 26ರಂದು ಅವರು ಸೇನೆಯಲ್ಲಿನ ವರ್ಣಭೇದವನ್ನು ಕೊನೆಗೊಳಿಸುವ ಆದೇಶಕ್ಕೆ ಸಹಿ ಹಾಕಿದರು.

ನಂತರದ ವರ್ಷಗಳಲ್ಲಿ ವೆಲ್ಸ್ ಹೆಚ್ಚು ಕಾಲ ಯುರೋಪಿನಲ್ಲಿ ಕಳೆದರು. ‘ಥರ್ಡ್ ಮ್ಯಾನ್’ ಚಿತ್ರದ ಹ್ಯಾರಿ ಲೈಮ್ ಪಾತ್ರವನ್ನು 1951–52ರಲ್ಲಿ ರೇಡಿಯೋ ಸರಣಿಯಾಗಿಯೂ ಮುಂದುವರಿಸಿದರು. ಹಣದ ಮುಗ್ಗಟ್ಟಿನಿಂದ ಹಲವು ಚಿತ್ರಗಳು ಅಪೂರ್ಣವಾಗಿ ಉಳಿದವು. 1985ರ ಅಕ್ಟೋಬರ್ 10ರಂದು, 70ರ ವಯಸ್ಸಿನಲ್ಲಿ, ಹಾಲಿವುಡ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮ ಸ್ಪೇನಿನ ರೋಂಡಾದಲ್ಲಿದೆ.

ಇಂದು ಧ್ವನಿ ಸಂದೇಶಗಳು ಕ್ಷಣಾರ್ಧದಲ್ಲಿ ಮನೆಮನೆ ತಲಪುತ್ತವೆ. ಯಾರದೋ ದನಿಯನ್ನು ಯಂತ್ರವೇ ಅನುಕರಿಸುವ ಕಾಲವೂ ಬಂದಿದೆ. ಒಂದೇ ಕಂಠ 1938ರಲ್ಲಿ ಇಲ್ಲದ್ದನ್ನು ಇದೆಯೆಂದು ನಂಬಿಸಿತು, 1946ರಲ್ಲಿ ಮುಚ್ಚಿಟ್ಟಿದ್ದ ಸತ್ಯವನ್ನು ಹೊರತಂದಿತು. ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ಇವೆರಡರಲ್ಲಿ ಅದು ಯಾವುದೆಂದು ನೋಡಿಕೊಳ್ಳುವ ಹೊಣೆ ಕೇಳುಗರಾದ ನಮ್ಮ ಮೇಲೂ ಇದೆ.